ಚರ್ಮದ ಚೀಟಿಯಲ್ಲಿ ಕಣ್ಣಿನ ಪ್ರಶ್ನೆ

(ದತ್ತಿ ಉಪನ್ಯಾಸದ ಪಠ್ಯ)



ಸೋರಿಯಾಸಿಸ್ ಅಂದ ಕೂಡಲೆ ನಮ್ಮ ಗಮನ ಮೊಣಕೈ, ಮೊಣಕಾಲು, ನೆತ್ತಿಯ ಕಡೆ ಹೋಗುತ್ತದೆ. ಕೆಂಪಗೆ ದಪ್ಪಗಾದ ಚರ್ಮ, ಅದರ ಮೇಲೆ ಬೆಳ್ಳಗಿನ ಹೊಟ್ಟು, ಕೆರೆದಷ್ಟೂ ಉದುರುವ ಪುಡಿ, ಧನುರ್ಮಾಸದ ಚಳಿಗೆ ಇನ್ನಷ್ಟು ಬಿರಿಯುವ ಅಂಗೈ ಅಂಗಾಲು: ಕಾಯಿಲೆಯ ಈ ಮುಖ ಎಲ್ಲರಿಗೂ ಪರಿಚಿತ. ಅದೇ ಕಾಯಿಲೆ ಕಣ್ಣಿಗೂ ತಾಗಬಹುದು ಎಂಬುದು ರೋಗಿಗೂ ಮನೆಯವರಿಗೂ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಗೊತ್ತಿರುವ ವೈದ್ಯರಿಗೆ ನೂರು ಜನರ ಸಾಲಿನ ನಡುವೆ ಅದನ್ನು ಕೇಳಲು ಪುರುಸೊತ್ತಿರುವುದಿಲ್ಲ. ಇಂದು ನಾನು ವಾದಿಸಹೊರಟಿರುವುದು ಒಂದೇ ವಿಷಯ. ನಮ್ಮ ಹಾಸನ ಜಿಲ್ಲೆಯಲ್ಲಿ ಸೋರಿಯಾಸಿಸ್‌ಗೆ ಔಷಧ ಪಡೆಯುವ ಪ್ರತಿಯೊಬ್ಬರನ್ನೂ ಅವರ ಕಣ್ಣಿನ ಬಗ್ಗೆ ಕೇಳಬೇಕು. ಉತ್ತರವನ್ನು ಚರ್ಮದ ಔಷಧ ಬರೆಯುವ ಅದೇ ಚೀಟಿಯಲ್ಲಿ ಬರೆಯಬೇಕು. ಬೇಕಾದವರನ್ನು ಒಂದೆರಡು ದಿನದೊಳಗೆ ಕಣ್ಣಿನ ವೈದ್ಯರ ಮುಂದೆ ಕೂರಿಸಬೇಕು. ಇದಕ್ಕೆ ಹೊಸ ಶಿಬಿರ ಬೇಡ, ಹೊಸ ಯಂತ್ರ ಬೇಡ, ಸೋರಿಯಾಸಿಸ್ ಇರುವ ಎಲ್ಲರಿಗೂ ಸಾಮೂಹಿಕ ಕಣ್ಣಿನ ತಪಾಸಣೆಯೂ ಬೇಡ. ಬೇಡಿಕೆ ಸಣ್ಣದು. ಅದು ಸಣ್ಣದಾಗಿಯೇ ಇರಬೇಕು ಏಕೆ, ಆದರೂ ಅದನ್ನು ಬಿಡಬಾರದು ಏಕೆ ಎಂಬುದನ್ನು ಸಾಕ್ಷ್ಯದ ಬಲದಿಂದ ತೋರಿಸಲು ಯತ್ನಿಸುತ್ತೇನೆ.

ಮೊದಲು ಕಾಯಿಲೆಯ ಸ್ವರೂಪ. ಆರೋಗ್ಯವಂತರ ಹೊರಚರ್ಮ ಹೊಸದಾಗಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಸೋರಿಯಾಸಿಸ್ ಬಂದ ಜಾಗದಲ್ಲಿ ಅದೇ ಕೆಲಸ ವಾರದೊಳಗೆ ಮುಗಿದುಬಿಡುತ್ತದೆ. ಮಾಗದ ಜೀವಕೋಶಗಳು ಒಂದರ ಮೇಲೊಂದು ಕೂತು ಹೊಟ್ಟಾಗುತ್ತವೆ. ಈ ಅವಸರಕ್ಕೆ ಕಾರಣ ಚರ್ಮದ ಕೊಳೆಯಾಗಲಿ, ಸೋಂಕಾಗಲಿ, ಹಿಂದಿನ ಜನ್ಮದ ಪಾಪವಾಗಲಿ ಅಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಟಿಎನ್‌ಎಫ್, ಇಂಟರ್‌ಲ್ಯೂಕಿನ್-17, ಇಂಟರ್‌ಲ್ಯೂಕಿನ್-23 ಎಂಬ ರಾಸಾಯನಿಕ ಸಂದೇಶಗಳನ್ನು ಮಿತಿಮೀರಿ ಹೊರಡಿಸಿ ಉರಿಯೂತ ಎಬ್ಬಿಸುತ್ತದೆ. ಹಾಗಾಗಿ ಇದು ಮುಟ್ಟಿದರೆ ಅಂಟುವುದಿಲ್ಲ. ಈ ಸಂದೇಶಗಳು ರಕ್ತದಲ್ಲಿ ಓಡಾಡುವಂಥವು. ಮೊಣಕೈಯಲ್ಲೇ ನಿಲ್ಲಬೇಕೆಂಬ ಕಟ್ಟುಪಾಡು ಅವಕ್ಕಿಲ್ಲ. ಕೆಲವರಲ್ಲಿ ಕೀಲುಗಳು ಊದಿಕೊಂಡು ಸೋರಿಯಾಟಿಕ್ ಸಂಧಿವಾತ ಆಗುತ್ತದೆ, ಹೃದಯದ ಕಾಯಿಲೆಯ ಅಪಾಯವೂ ಏರುತ್ತದೆ. ವಿಶ್ವ ಆರೋಗ್ಯ ಸಭೆ 2014ರಲ್ಲಿ ಸೋರಿಯಾಸಿಸ್ ಕುರಿತು ಪ್ರತ್ಯೇಕ ನಿರ್ಣಯ ಅಂಗೀಕರಿಸಿತು; 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದರ ಮೇಲೊಂದು ಜಾಗತಿಕ ವರದಿ ತಂದಿತು. ಇದನ್ನು ಬರಿಯ ಚರ್ಮದ ಕಾಯಿಲೆಯಾಗಿ ನೋಡುವ ಕಾಲ ಮುಗಿಯಿತು ಎಂಬುದೇ ಅವೆರಡರ ಸಾರ.

ಕಣ್ಣಿಗೆ ಈ ಕಾಯಿಲೆ ಮೊದಲು ಬರುವುದು ರೆಪ್ಪೆಯ ದಾರಿಯಲ್ಲಿ. ರೆಪ್ಪೆಯ ಚರ್ಮ ಇಡೀ ದೇಹದಲ್ಲೇ ಅತಿ ತೆಳ್ಳನೆಯದು. ಹತ್ತಿರದಿಂದ ನೋಡಿದರೆ ರೆಪ್ಪೆಗೂದಲಿನ ಬುಡದಲ್ಲಿ ಸಣ್ಣ ಬಿಳಿ ಹೊಟ್ಟು ಅಂಟಿರುತ್ತದೆ, ಅಂಚು ಕೆಂಪಾಗಿ ದಪ್ಪಗಿರುತ್ತದೆ, ಬೆಳಿಗ್ಗೆ ಏಳುವಾಗ ಕಣ್ಣಿನ ಮೂಲೆಯಲ್ಲಿ ಗೀಜು ಕಟ್ಟಿರುತ್ತದೆ. ಪ್ರತಿ ರೆಪ್ಪೆಯ ಅಂಚಿನಲ್ಲೂ ಇಪ್ಪತ್ತಕ್ಕೂ ಹೆಚ್ಚು ಎಣ್ಣೆ ಗ್ರಂಥಿಗಳಿವೆ. ಕಣ್ಣೀರು ಬೇಗ ಆರದಂತೆ ಮೇಲೊಂದು ತೆಳು ಪದರ ಹಾಸುವುದು ಅವುಗಳ ಕೆಲಸ. ಉರಿಯೂತದಿಂದ ಅವುಗಳ ಬಾಯಿ ಕಟ್ಟಿದರೆ ನೀರು ನಿಲ್ಲದು, ಕಣ್ಣು ಒಣಗುತ್ತದೆ. ಆಮೇಲೆ ಕಣ್ಣು ಗರಗರ, ಚುರುಚುರು. ಮೊಬೈಲನ್ನೋ ಪುಸ್ತಕವನ್ನೋ ಹತ್ತು ನಿಮಿಷ ನೋಡಿದರೆ ಮಂಜು, ರೆಪ್ಪೆ ಬಡಿದರೆ ಮತ್ತೆ ಸ್ವಚ್ಛ. ರೋಗಿ ಉಜ್ಜುತ್ತಾರೆ. ಗಾಯವಾದಲ್ಲಿ, ಉಜ್ಜಿದಲ್ಲಿ ಹೊಸದಾಗಿ ಕಲೆ ಏಳುವುದು ಸೋರಿಯಾಸಿಸ್‌ನ ಗುಣ; ಹತ್ತೊಂಬತ್ತನೇ ಶತಮಾನದ ಜರ್ಮನ್ ವೈದ್ಯ ಕೋಬ್ನರ್ ಗುರುತಿಸಿದ ಈ ಲಕ್ಷಣಕ್ಕೆ ಇಂದಿಗೂ ಅವರದೇ ಹೆಸರಿದೆ. ಉಜ್ಜಿದ ರೆಪ್ಪೆ ಇನ್ನಷ್ಟು ಕೆಡುತ್ತದೆ. ಇದರಿಂದ ಸಾಮಾನ್ಯವಾಗಿ ಯಾರೂ ಕುರುಡಾಗುವುದಿಲ್ಲ ನಿಜ. ಆದರೆ ದಿನವೂ ಕಾಡುವ ಈ ತೊಂದರೆಗೆ ಪರಿಹಾರ ಬಲು ಅಗ್ಗ: ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಚಿಯಾದ ಬಟ್ಟೆಯ ಶಾಖ, ರೆಪ್ಪೆಯಂಚನ್ನು ಮೆಲ್ಲಗೆ ಒರೆಸುವುದು, ಕೃತಕ ಕಣ್ಣೀರಿನ ಹನಿ. ಕೇಳುವವರಿದ್ದರೆ ಹೇಳುವುದಕ್ಕೆ ಇಷ್ಟು ಸಾಕು.

ಎರಡನೆಯ ದಾರಿ ಅಪರೂಪದ್ದು, ಆದರೆ ಅಪಾಯದ್ದು. ಕಣ್ಣಿನ ಕರಿಗುಡ್ಡೆಯಲ್ಲಿ ಪಾಪೆಯ ಸುತ್ತ ಬಣ್ಣದ ಪರದೆಯೊಂದಿದೆ, ಅದೇ ಐರಿಸ್. ಐರಿಸ್ ಮತ್ತು ಅದರ ಹಿಂದೆ ಮುಂದುವರಿಯುವ ರಕ್ತನಾಳಗಳ ಪದರಕ್ಕೆ ಉರಿಯೂತ ಬಂದರೆ ಅದನ್ನು ಯುವಿಯೈಟಿಸ್ ಎನ್ನುತ್ತಾರೆ. ರೋಗಿಗೆ ಕಣ್ಣಿನ ಆಳದಲ್ಲಿ ನೋವು, ಬೆಳಕು ಕಂಡರಾಗದು, ನೋಟ ಮಂಜು. ಕೆಂಪು ಬಣ್ಣ ಬಿಳಿಗುಡ್ಡೆಯ ತುಂಬ ಹರಡುವುದಕ್ಕಿಂತ ಕರಿಗುಡ್ಡೆಯ ಸುತ್ತ ಉಂಗುರವಾಗಿ ಕೂತಿರುತ್ತದೆ. ಗೀಜು ಇರುವುದಿಲ್ಲ, ನೀರು ಮಾತ್ರ. ವೈದ್ಯರು ಕತ್ತಲೆ ಕೋಣೆಯಲ್ಲಿ ಸ್ಲಿಟ್ ಲ್ಯಾಂಪಿನ ಸಣ್ಣ ಬೆಳಕಿನ ಸೀಳನ್ನು ಓರೆಯಾಗಿ ಹಾಯಿಸಿದಾಗ, ಹೆಂಚಿನ ಮನೆಯೊಳಗೆ ಇಳಿದ ಬಿಸಿಲುಕೋಲಿನಲ್ಲಿ ಧೂಳು ಆಡುವ ಹಾಗೆ, ಕಣ್ಣಿನೊಳಗಿನ ತಿಳಿನೀರಿನಲ್ಲಿ ಬಿಳಿ ರಕ್ತಕಣಗಳು ತೇಲುವುದು ಕಾಣುತ್ತದೆ. ಟಾರ್ಚಿನ ಬೆಳಕಿಗೆ ಇದು ಸಿಗದು. ತಡವಾದರೆ ಉರಿಯೂತದ ಅಂಟಿನಿಂದ ಐರಿಸ್ ಹಿಂದಿರುವ ಮಸೂರಕ್ಕೆ ಕಚ್ಚಿಕೊಳ್ಳುತ್ತದೆ, ದುಂಡಗಿನ ಪಾಪೆ ಸೊಟ್ಟಗಾಗುತ್ತದೆ. ಮುಂದೆ ಪೊರೆ, ಗ್ಲಾಕೋಮಾ, ಅಕ್ಷಿಪಟಲದ ಊತ, ಕೊನೆಗೆ ದೃಷ್ಟಿನಾಶ. ಬೇಗ ಕಂಡುಹಿಡಿದರೆ ಗಂಟೆಗೊಮ್ಮೆ ಸ್ಟೀರಾಯ್ಡ್ ಹನಿ ಮತ್ತು ಪಾಪೆ ಅಗಲಿಸುವ ಹನಿಯಿಂದ ಬಹುಪಾಲು ಜನರ ಕಣ್ಣು ಉಳಿಯುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಬೆನ್ನುಮೂಳೆಯ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರುವವರಲ್ಲಿ ಯುವಿಯೈಟಿಸ್ ಹೆಚ್ಚಾಗಿ ಒಂದೇ ಕಣ್ಣಿಗೆ, ಥಟ್ಟನೆ, ಗದ್ದಲ ಮಾಡಿಕೊಂಡೇ ಬರುತ್ತದೆ. ಸೋರಿಯಾಟಿಕ್ ಸಂಧಿವಾತದವರಲ್ಲಿ ಅದು ಎರಡೂ ಕಣ್ಣಿಗೆ, ನಿಧಾನವಾಗಿ, ಕಣ್ಣಿನ ಹಿಂಭಾಗದಲ್ಲೂ ಬರುವ ಪ್ರಮಾಣ ಹೆಚ್ಚು ಎಂದು 2000ದಲ್ಲಿ ಪ್ರಕಟವಾದ ಹೋಲಿಕೆಯ ಅಧ್ಯಯನವೊಂದು ತೋರಿಸಿತು. ಅಂದರೆ ಕೆಂಪೂ ನೋವೂ ಇಲ್ಲದೆ ಬರೀ ಮಂಜಾಗಿ ಕಾಣುವುದೂ ಎಚ್ಚರಿಕೆಯ ಗಂಟೆಯೇ.

ಈಗ ಅಂಕಿಗಳಿಗೆ ಬರೋಣ, ಏಕೆಂದರೆ ಮೊದಲ ಆಕ್ಷೇಪ ಏಳುವುದು ಅಲ್ಲೇ. ಡೆನ್ಮಾರ್ಕಿನಲ್ಲಿ ಇಡೀ ದೇಶದ ದಾಖಲೆಗಳನ್ನು ಇಟ್ಟುಕೊಂಡು, 74 ಸಾವಿರಕ್ಕೂ ಹೆಚ್ಚು ಸೋರಿಯಾಸಿಸ್ ರೋಗಿಗಳನ್ನು ಒಳಗೊಂಡು ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಸಾಮಾನ್ಯ ಜನರಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೆ ಸುಮಾರು ಇಬ್ಬರಿಗೆ ಯುವಿಯೈಟಿಸ್ ಬಂದರೆ, ಸೌಮ್ಯ ಸೋರಿಯಾಸಿಸ್ ಇರುವವರಲ್ಲಿ ಸುಮಾರು ಮೂವರಿಗೆ, ತೀವ್ರವಾಗಿರುವವರಲ್ಲಿ ನಾಲ್ವರಿಗೆ, ಸಂಧಿವಾತವೂ ಸೇರಿದವರಲ್ಲಿ ಐದಾರು ಜನರಿಗೆ ಬಂದಿತು. ವಯಸ್ಸು, ಬೇರೆ ಕಾಯಿಲೆ ಮುಂತಾದವನ್ನು ಸರಿದೂಗಿಸಿದ ಮೇಲೆ ಸೋರಿಯಾಸಿಸ್ ಇದ್ದವರ ಅಪಾಯ ಸುಮಾರು 1.4 ಪಟ್ಟು, ಸಂಧಿವಾತ ಇದ್ದವರದು 2.5 ಪಟ್ಟು. ಇದನ್ನು ನಮ್ಮ ಜಿಲ್ಲೆಗೆ ಅಳತೆಗಾಗಿ ಹಚ್ಚಿ ನೋಡಬಹುದು. ಭಾರತದ ಅಧ್ಯಯನಗಳನ್ನು ಒಟ್ಟುಗೂಡಿಸಿದ 2010ರ ಸಮೀಕ್ಷೆಯೊಂದು ಸೋರಿಯಾಸಿಸ್ ಪ್ರಮಾಣವನ್ನು ಶೇ. 0.44ರಿಂದ 2.8ರವರೆಗೆ ಕೊಡುತ್ತದೆ. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17,76,421. ಆ ಲೆಕ್ಕಕ್ಕೆ ಜಿಲ್ಲೆಯಲ್ಲಿ ಸೋರಿಯಾಸಿಸ್ ಇರುವವರು ಸುಮಾರು 7,800ರಿಂದ 49,700. ಡೆನ್ಮಾರ್ಕಿನ ಸೌಮ್ಯ ಪ್ರಕರಣಗಳ ದರವನ್ನೇ ಹಿಡಿದರೂ ವರ್ಷಕ್ಕೆ ಎರಡು ಮೂರರಿಂದ ಹದಿನೈದು ಜನಕ್ಕೆ ಯುವಿಯೈಟಿಸ್ ಬಂದೀತು.

ಇಷ್ಟು ಕಡಿಮೆ ಜನರಿಗಾಗಿ ಇಷ್ಟು ಮಾತೇಕೆ ಎಂದು ಕೇಳುವುದು ನ್ಯಾಯವೇ. ಈ ಅಂಕಿ ನನ್ನ ವಾದದ ಅರ್ಧವನ್ನು ತಾನೇ ನಿರ್ಧರಿಸುತ್ತದೆ: ಸೋರಿಯಾಸಿಸ್ ಇರುವ ಸಾವಿರಾರು ಜನರನ್ನು ಬಸ್ಸಿನಲ್ಲಿ ತುಂಬಿ ಸ್ಲಿಟ್ ಲ್ಯಾಂಪಿನ ಮುಂದೆ ಕೂರಿಸುವುದು ದುಡ್ಡಿಗೂ ಹೊತ್ತಿಗೂ ನಷ್ಟ. ಉಳಿದರ್ಧವನ್ನೂ ಅದೇ ಅಂಕಿ ಹೇಳುತ್ತದೆ. ವರ್ಷಕ್ಕೆ ಬೆರಳೆಣಿಕೆಯ ಜನ, ಅವರೂ ಬೇರೆ ಬೇರೆ ಹಳ್ಳಿಗಳಲ್ಲಿ ಚದುರಿಹೋದವರು, ಯಾವ ಶಿಬಿರದ ಬಲೆಗೂ ಬೀಳುವುದಿಲ್ಲ. ಅವರು ಸಿಗುವುದು ಒಂದೇ ಕಡೆ, ಚರ್ಮಕ್ಕೆ ಮುಲಾಮು ಬರೆಸಿಕೊಳ್ಳಲು ಬರುವ ಕೋಣೆಯಲ್ಲಿ. ಅಲ್ಲಿ ಕೇಳದಿದ್ದರೆ ಇನ್ನೆಲ್ಲೂ ಕೇಳಿದಂತಾಗುವುದಿಲ್ಲ. ಅಪರೂಪದ ಕಾಯಿಲೆಗೆ ಸಾಮೂಹಿಕ ತಪಾಸಣೆ ಒಗ್ಗದು; ಸರಿಯಾದ ಬಾಗಿಲಲ್ಲಿ ಕೇಳುವ ಅಗ್ಗದ ಪ್ರಶ್ನೆ ಒಗ್ಗುತ್ತದೆ.

ಕಣ್ಣಿಗೆ ಕೇಡು ಬರುವ ಮೂರನೆಯ ದಾರಿ ಕಾಯಿಲೆಯದಲ್ಲ, ಔಷಧದ್ದು. ಇದು ಯುವಿಯೈಟಿಸ್‌ನಷ್ಟು ಅಪರೂಪವೂ ಅಲ್ಲ. ಮೊಣಕೈಗೆ ಕೊಟ್ಟ ಬಲವಾದ ಸ್ಟೀರಾಯ್ಡ್ ಮುಲಾಮನ್ನು ರೆಪ್ಪೆಗೂ ಹಚ್ಚಿಕೊಳ್ಳುವವರಿದ್ದಾರೆ. ತೆಳು ಚರ್ಮ ಅದನ್ನು ಬೇಗ ಹೀರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬೇಗ ಬರಬಹುದು. ಕಣ್ಣಿಗೇ ಬಿಡುವ ಸ್ಟೀರಾಯ್ಡ್ ಹನಿ ಇನ್ನೂ ನೇರ: ಕೆಲವು ವಾರ ಸತತವಾಗಿ ಬಿಟ್ಟರೆ ಸುಮಾರು ಮೂವರಲ್ಲೊಬ್ಬರಿಗೆ ಒತ್ತಡ ಸ್ವಲ್ಪವಾದರೂ ಏರುತ್ತದೆ, ನೂರರಲ್ಲಿ ಐದಾರು ಜನರಿಗೆ ವಿಪರೀತ ಏರುತ್ತದೆ. ಅದು ಗ್ಲಾಕೋಮಾಕ್ಕೆ ತಿರುಗಬಹುದು; ಗ್ಲಾಕೋಮಾ ನೋವಿಲ್ಲದೆ ದೃಷ್ಟಿಯನ್ನು ಅಂಚಿನಿಂದ ತಿನ್ನುತ್ತ ಬರುತ್ತದೆ, ಹೋದದ್ದು ಮರಳುವುದಿಲ್ಲ. ಹಳೆಯ ಚೀಟಿ ತೋರಿಸಿ, ಇಲ್ಲವೆ ಖಾಲಿ ಸೀಸೆಯನ್ನೇ ತೋರಿಸಿ, ಮೆಡಿಕಲ್ ಸ್ಟೋರಿನಲ್ಲಿ ಮತ್ತೊಂದು ಕೊಳ್ಳುವುದು ನಮ್ಮಲ್ಲಿ ಕಷ್ಟವಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ನಿಯಮ ಬಂದಿತು, ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ.

ಬಿಸಿಲಿನ ಚಿಕಿತ್ಸೆಯ ಮಾತೂ ಇಲ್ಲೇ ಬರುತ್ತದೆ. ಸೊರಾಲೆನ್ ಎಂಬ ಔಷಧ ತೆಗೆದುಕೊಂಡು ಅತಿನೇರಳೆ ಕಿರಣಕ್ಕೆ ಮೈಯೊಡ್ಡುವ ಪೂವಾ ಚಿಕಿತ್ಸೆ 1974ರಿಂದ ಪ್ರಚಾರಕ್ಕೆ ಬಂತು. ದೀಪದ ಬದಲು ಬಿಸಿಲನ್ನೇ ಬಳಸುವ ಅದರ ದೇಶೀ ರೂಪವೂ ನಮ್ಮಲ್ಲಿ ಚಾಲ್ತಿಯಲ್ಲಿದೆ. ನಮ್ಮ ಬಾವಂಚಿ ಬೀಜದಲ್ಲಿರುವುದೂ ಸೊರಾಲೆನ್ ಜಾತಿಯ ವಸ್ತುವೇ. ಸೊರಾಲೆನ್ ಮಾತ್ರೆ ನುಂಗಿದ ಮೇಲೆ ಅದು ಕಣ್ಣಿನ ಮಸೂರಕ್ಕೂ ಸೇರುತ್ತದೆ, ಆದ್ದರಿಂದ ಆ ದಿನವೆಲ್ಲ ಅತಿನೇರಳೆ ತಡೆಯುವ ಕನ್ನಡಕ ಹಾಕಿಕೊಳ್ಳಬೇಕು. ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಪೂವಾ ರೋಗಿಗಳನ್ನು ಇಪ್ಪತ್ತೈದು ವರ್ಷ ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಣ್ಣಿನ ರಕ್ಷಣೆಯನ್ನು ಕಲಿಸಿದ್ದ ಆ ರೋಗಿಗಳಲ್ಲಿ ಚಿಕಿತ್ಸೆಯಿಂದ ಪೊರೆ ಹೆಚ್ಚಿದ್ದು ಕಾಣಲಿಲ್ಲ. ಒಂದು ಕನ್ನಡಕದ ಮಾತು ಇಷ್ಟು ಕೆಲಸ ಮಾಡುತ್ತದೆ. ಆದರೆ ಗದ್ದೆಯಲ್ಲಿ ದಿನವಿಡೀ ದುಡಿಯುವವರಿಗೆ ಆ ಮಾತನ್ನು ಒಮ್ಮೆ ಹೇಳಿದರೆ ಸಾಲದು, ಪ್ರತಿ ಸಲವೂ ಕೇಳಬೇಕು. ಸೋರಿಯಾಸಿಸ್‌ಗೆ ಕೊಡುವ ಅಸಿಟ್ರೆಟಿನ್ ಮಾತ್ರೆಯೂ ಕಣ್ಣನ್ನು ಒಣಗಿಸುತ್ತದೆ, ಕೆಲವರಿಗೆ ರಾತ್ರಿ ನೋಟವನ್ನು ಕುಗ್ಗಿಸುತ್ತದೆ. ಹಿಮ್ಮುಖದ ನಂಟೂ ಇದೆ: ಗ್ಲಾಕೋಮಾಕ್ಕೆ ಕೊಡುವ ಟಿಮೊಲಾಲ್ ಹನಿ ಮೂಗಿನ ಮೂಲಕ ರಕ್ತಕ್ಕೆ ಸೇರುತ್ತದೆ, ಅದರಿಂದ ಕೆಲವರಲ್ಲಿ ಸೋರಿಯಾಸಿಸ್ ಕೆರಳಿದ್ದು ವರದಿಯಾಗಿದೆ. ಚರ್ಮದವರು ಕಣ್ಣನ್ನು ಕೇಳದಿರುವುದು ಎಷ್ಟು ತಪ್ಪೋ, ಕಣ್ಣಿನವರು ಚರ್ಮವನ್ನು ಕೇಳದಿರುವುದೂ ಅಷ್ಟೇ ತಪ್ಪು.

ಇಷ್ಟಿದ್ದೂ ತೊಂದರೆ ಏಕೆ ಕಣ್ತಪ್ಪುತ್ತದೆ? ಕೆಂಪು ಕಣ್ಣಿಗೆ ನಮ್ಮೂರುಗಳಲ್ಲಿ ಕಾರಣಗಳಿಗೆ ಬರವಿಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರ ತಂಬಾಕು ಹರಾಜಿನ ಊರು. ಸೊಪ್ಪು ಬೇಯಿಸುವ ದಿನಗಳಲ್ಲಿ ಅದರ ಗೂಡಿಗೆ, ಅಂದರೆ ಬ್ಯಾರನ್ನಿಗೆ, ರಾತ್ರಿಯಿಡೀ ಸೌದೆ ಒಟ್ಟುವವರ ಕಣ್ಣು ಕೆಂಪಾದರೆ ಅದು ಹೊಗೆ. ಹೊಳೆನರಸೀಪುರದ ಹೇಮಾವತಿ ಬಯಲಲ್ಲಿ ಒಕ್ಕಣೆಯ ಧೂಳು, ಚನ್ನರಾಯಪಟ್ಟಣದ ಕಡೆ ತೆಂಗಿನ ನಾರಿನ ಪುಡಿ. ಮಳೆಗಾಲ ಬಂದರೆ ಮದ್ರಾಸ್ ಐ. 2023ರ ಜುಲೈ-ಆಗಸ್ಟ್‌ನಲ್ಲಿ ರಾಜ್ಯದ ಉದ್ದಗಲಕ್ಕೂ ಅದು ಹರಡಿದಾಗ ಕೆಂಪು ಕಣ್ಣೆಂದರೆ ಮದ್ರಾಸ್ ಐ ಎಂದೇ ಆಗಿತ್ತು. ಬಹುತೇಕ ಸಲ ಈ ಊಹೆ ಸರಿಯಾಗಿರುತ್ತದೆ. ಸರಿಯಾಗಿರುವುದರಿಂದಲೇ ಅದು ಅಪಾಯಕಾರಿ. ನಂದಿಬಟ್ಟಲು ಹೂವಿನ ನೀರು, ಹರಳೆಣ್ಣೆ, ಮೆಡಿಕಲ್ ಸ್ಟೋರಿನ ಹನಿ ಎಂದು ಎಂಟು ಹತ್ತು ದಿನ ಕಳೆಯುತ್ತದೆ. ಮದ್ರಾಸ್ ಐ ಅಷ್ಟರಲ್ಲಿ ತಾನೇ ವಾಸಿಯಾಗುತ್ತದೆ, ಯುವಿಯೈಟಿಸ್ ಅಷ್ಟರಲ್ಲಿ ಐರಿಸ್ಸನ್ನು ಅಂಟಿಸಿರುತ್ತದೆ. ಬೇರೆ ಮಾಡಿ ನೋಡುವ ಗುರುತುಗಳು ಕಷ್ಟದವೇನಲ್ಲ: ಗೀಜು ಕಟ್ಟಿ ರೆಪ್ಪೆ ಅಂಟಿದ್ದು, ಮನೆಯಲ್ಲಿ ಇನ್ನೊಬ್ಬರಿಗೂ ಬಂದಿದ್ದು, ನೋಟ ಮಂಜಾಗದಿದ್ದುದು ಮದ್ರಾಸ್ ಐ ಕಡೆ ಬೆರಳು ತೋರಿಸುತ್ತದೆ, ಆಳದ ನೋವು, ಬೆಳಕಿಗೆ ಹೆದರಿಕೆ, ಮಂಜು, ಗೀಜಿಲ್ಲದ ಕೆಂಪು ಇನ್ನೊಂದರ ಕಡೆ. ಸೋರಿಯಾಸಿಸ್ ಇರುವವರಲ್ಲಿ ಎರಡನೆಯ ಗುಂಪಿನ ಗುರುತುಗಳು ಕಂಡರೆ ಕಾಯಬಾರದು.

ಇನ್ನೊಂದು ಕಾರಣ ನಮ್ಮ ಒಳ್ಳೆಯ ಪರಂಪರೆಯಲ್ಲೇ ಇದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಸಾಮೂಹಿಕ ಶಸ್ತ್ರಚಿಕಿತ್ಸೆ ನಡೆಸಿ, ಕಣ್ಣಿನ ವೈದ್ಯಕೀಯವನ್ನು ಕರ್ನಾಟಕದ ಹಳ್ಳಿಯ ಮಾತಾಗಿಸಿದರು. 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಬಹುಕಾಲ ಪೊರೆಯ ಆಪರೇಷನ್ನುಗಳ ಎಣಿಕೆಯಲ್ಲೇ ತನ್ನ ಸಾಧನೆಯನ್ನು ಅಳೆಯಿತು. ಪೊರೆಯೇ ಅಂಧತ್ವದ ದೊಡ್ಡ ಕಾರಣವಾಗಿದ್ದ ದೇಶದಲ್ಲಿ ಅದು ಸರಿಯಾದ ಆದ್ಯತೆಯೇ. ಆದರೆ ಶಿಬಿರ ನಮಗೆ ಒಂದು ನೋಟವನ್ನೂ ಕಲಿಸಿತು: ಕಣ್ಣಿನ ಕಾಯಿಲೆಯೆಂದರೆ ವಯಸ್ಸಾದವರಿಗೆ ಬರುವುದು, ಒಂದು ದಿನ ಹೋಗಿ ಆಪರೇಷನ್ ಮಾಡಿಸಿ ಹಸಿರು ಪಟ್ಟಿ ಕಟ್ಟಿಸಿಕೊಂಡು ಬಂದರೆ ಮುಗಿಯುವುದು. ಸೋರಿಯಾಸಿಸ್‌ನ ಕಣ್ಣು ಈ ಚೌಕಟ್ಟಿಗೆ ಹೊಂದುವುದಿಲ್ಲ. ಅದು ದುಡಿಯುವ ವಯಸ್ಸಿನವರಿಗೂ ಬರುತ್ತದೆ, ಹೋಗಿ ಮತ್ತೆ ಬರುತ್ತದೆ. ಶಿಬಿರದ ದಿನಾಂಕಕ್ಕೆ ಅದು ಕಾಯುವುದಿಲ್ಲ.

ಎರಡನೆಯ ಆಕ್ಷೇಪ ತರ್ಕದ್ದು. ಸೋರಿಯಾಸಿಸ್ ಮತ್ತು ಯುವಿಯೈಟಿಸ್ ಒಟ್ಟಿಗೆ ಕಾಣುತ್ತವೆ ಎಂದ ಮಾತ್ರಕ್ಕೆ ಒಂದು ಇನ್ನೊಂದನ್ನು ತರುತ್ತದೆಂದು ಹೇಗೆ ಹೇಳುತ್ತೀರಿ? ಹಾಗೆ ಹೇಳಬೇಕಾಗಿಯೇ ಇಲ್ಲ. ಅದೇ ಡೆನ್ಮಾರ್ಕಿನ ಅಧ್ಯಯನದಲ್ಲಿ ಯುವಿಯೈಟಿಸ್ ಮೊದಲು ಬಂದವರಲ್ಲೂ ಆಮೇಲೆ ಸೋರಿಯಾಸಿಸ್ ಹೆಚ್ಚಾಗಿ ಕಂಡಿತು. ಎರಡಕ್ಕೂ ಬೇರು ಒಂದೇ ಉರಿಯೂತದ ಮಣ್ಣಿನಲ್ಲಿದೆ ಎಂದು ಅದು ಸೂಚಿಸುತ್ತದೆ. ಭಾರತದಲ್ಲಿ ಯುವಿಯೈಟಿಸ್‌ಗೆ ಕ್ಷಯವೂ ಮುಖ್ಯ ಕಾರಣ. ಸೋರಿಯಾಸಿಸ್ ಇದೆಯೆಂದು ಕ್ಷಯವನ್ನು ಮರೆಯಕೂಡದು. ಆದರೆ ಯಾವ ಕಾರಣಕ್ಕೇ ಬಂದಿರಲಿ, ನೋಯುವ ಕಣ್ಣನ್ನು ಬೇಗ ತೋರಿಸಬೇಕೆಂಬುದು ಬದಲಾಗುವುದಿಲ್ಲ. ಪ್ರಶ್ನೆ ಕೇಳುವುದಕ್ಕೆ ಕಾರಣದ ಸಾಬೀತು ಬೇಕಿಲ್ಲ, ಅಪಾಯ ಹೆಚ್ಚು ಎಂಬ ಸಾಬೀತು ಸಾಕು.

ಮೂರನೆಯ ಆಕ್ಷೇಪ ಹೆಚ್ಚು ಭಾರದ್ದು: ತಾಲ್ಲೂಕು ಆಸ್ಪತ್ರೆಯ ವೈದ್ಯರ ತಲೆಯ ಮೇಲೆ ಇನ್ನೊಂದು ಕೆಲಸವೆ? ಇದಕ್ಕೆ ಉತ್ತರ ನಮ್ಮದೇ ಆರೋಗ್ಯ ಇಲಾಖೆಯ ಚರಿತ್ರೆಯಲ್ಲಿದೆ. ಕುಷ್ಠರೋಗವೂ ಚರ್ಮದಲ್ಲಿ ಕಾಣುವ ಕಾಯಿಲೆ, ಅದೂ ಕಣ್ಣನ್ನು ಕೆಡಿಸುತ್ತದೆ. ರೆಪ್ಪೆ ಮುಚ್ಚಲಾಗದಂತೆ ಮಾಡುತ್ತದೆ, ಐರಿಸ್‌ಗೆ ಉರಿಯೂತ ತರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪದ್ಧತಿಯಂತೆ ಕುಷ್ಠರೋಗಿಯ ಅಂಗವೈಕಲ್ಯವನ್ನು ಗುರುತಿಸುವಾಗ ಕೈ, ಕಾಲುಗಳ ಜೊತೆ ಎರಡೂ ಕಣ್ಣುಗಳಿಗೆ ಸೊನ್ನೆ, ಒಂದು, ಎರಡು ಎಂಬ ದರ್ಜೆ ಕೊಡಬೇಕು. ಆರು ಮೀಟರ್ ದೂರದಿಂದ ಬೆರಳೆಣಿಸಲು ಆಗದಿದ್ದರೆ ಎರಡನೇ ದರ್ಜೆ. ಇದನ್ನು ದಶಕಗಳ ಕಾಲ ಮಾಡಿದವರಲ್ಲಿ ತಜ್ಞರಿಗಿಂತ ಹಳ್ಳಿ ಸುತ್ತಿದ ಆರೋಗ್ಯ ಕಾರ್ಯಕರ್ತರೇ ಹೆಚ್ಚು. 2005ರ ಕೊನೆಗೆ ರಾಷ್ಟ್ರಮಟ್ಟದಲ್ಲಿ ಕುಷ್ಠ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು ಘೋಷಿಸುವಷ್ಟರ ಮಟ್ಟಿಗೆ ಆ ಕಾರ್ಯಕ್ರಮ ಕೆಲಸ ಮಾಡಿತು. ಚರ್ಮ ನೋಡುವವರು ಕಣ್ಣನ್ನೂ ನೋಡಬಲ್ಲರು ಎಂಬುದು ನಮ್ಮಲ್ಲೇ ಸಾಬೀತಾದ ಪದ್ಧತಿ. ಸೋರಿಯಾಸಿಸ್‌ಗೆ ಬೇಕಾದದ್ದು ಅದಕ್ಕಿಂತಲೂ ಕಡಿಮೆ. ಕಣ್ಣು ಕೆಂಪಾಗಿ ನೋಯುತ್ತದೆಯೆ. ಬೆಳಕು ಕಂಡರೆ ಆಗುವುದಿಲ್ಲವೆ. ನೋಟ ಮಂಜಾಗಿದೆಯೆ, ಕಣ್ಣ ಮುಂದೆ ಕಪ್ಪು ಚುಕ್ಕೆ ತೇಲುತ್ತವೆಯೆ. ರೆಪ್ಪೆಗೂದಲಲ್ಲಿ ಹೊಟ್ಟು, ಕಣ್ಣಲ್ಲಿ ಗರಗರ ಇದೆಯೆ. ಕಣ್ಣಿಗೆ ಅಥವಾ ಕಣ್ಣಿನ ಸುತ್ತ ಏನು ಹಾಕುತ್ತಿದ್ದೀರಿ, ಎಷ್ಟು ದಿನದಿಂದ? ಐದು ಪ್ರಶ್ನೆ, ಒಂದು ನಿಮಿಷ. ವೈದ್ಯರೇ ಕೇಳಬೇಕೆಂದಿಲ್ಲ, ಚೀಟಿ ಬರೆಯುವಾಗ ಶುಶ್ರೂಷಕಿಯರು ಕೇಳಬಹುದು, ಹಳ್ಳಿಯಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಕೇಳಬಹುದು.

ನಮ್ಮಲ್ಲಿ ಸೋರಿಯಾಸಿಸ್ ಇರುವವರು ಮೊದಲು ಆಯುರ್ವೇದಕ್ಕೆ ಹೋಗುತ್ತಾರೆ, ಅಲ್ಲಿ ಈ ಪ್ರಶ್ನೆ ಕೇಳುವವರು ಯಾರು ಎಂದೂ ಕೇಳಬಹುದು. ಹಾಸನದ ತಣ್ಣೀರುಹಳ್ಳದಲ್ಲಿ 1992ರಿಂದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜು ಮತ್ತು ಆಸ್ಪತ್ರೆ ಇದೆ. ಚರ್ಮದ ಕಾಯಿಲೆಗೆ ಪಂಚಕರ್ಮ ಬಯಸಿ ಹೋಗುವವರು ನಮ್ಮ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಇದನ್ನು ಅಡ್ಡಿಯೆಂದು ನೋಡಬೇಕಿಲ್ಲ. ಆಯುರ್ವೇದ ಕಾಲೇಜೆಂದರೆ ಕಣ್ಣು, ಕಿವಿ, ಮೂಗು, ಗಂಟಲನ್ನು ನೋಡುವ ಶಾಲಾಕ್ಯ ವಿಭಾಗ ಇರಲೇಬೇಕು. ಪಂಚಕರ್ಮದ ವಾರ್ಡಿನಲ್ಲಿ ವಾರಗಟ್ಟಲೆ ಇರುವ ರೋಗಿಯನ್ನು ಅದೇ ಆವರಣದ ಶಾಲಾಕ್ಯಕ್ಕೆ ಕಳಿಸಿ ಕಣ್ಣು ನೋಡಿಸುವುದು ಸರ್ಕಾರಿ ಆಸ್ಪತ್ರೆಯ ಗದ್ದಲಕ್ಕಿಂತ ಸುಲಭ. ಆಳದ ನೋವು ಅಥವಾ ಮಂಜು ಕಂಡ ದಿನ ಮಾತ್ರ ಪದ್ಧತಿಯ ಅಭಿಮಾನ ಬದಿಗಿಟ್ಟು ಸ್ಲಿಟ್ ಲ್ಯಾಂಪ್ ಇರುವ ನೇತ್ರತಜ್ಞರಿಗೆ ತೋರಿಸಬೇಕು. ಅದರ ಚಿಕಿತ್ಸೆ ತಡಮಾಡುವಂಥದ್ದಲ್ಲ.

ಇನ್ನು, ಮೊದಲೇ ಕುಗ್ಗಿದ ರೋಗಿಗೆ ಕಣ್ಣು ಹೋಗಬಹುದೆಂದು ಹೆದರಿಸುವುದು ಸರಿಯೆ? ಹೆದರಿಸಬೇಕಾಗಿಲ್ಲ. ಬಹುಪಾಲು ಸೋರಿಯಾಸಿಸ್ ರೋಗಿಗಳಿಗೆ ಯುವಿಯೈಟಿಸ್ ಜೀವಮಾನದಲ್ಲಿ ಬರುವುದಿಲ್ಲ. ಮೇಲಿನ ಅಂಕಿಗಳೇ ಆ ಧೈರ್ಯ ಕೊಡುತ್ತವೆ. ಗೊತ್ತಿಲ್ಲದೆ ಹತ್ತು ದಿನ ಹನಿ ಬಿಟ್ಟುಕೊಂಡು ಕೂರುವುದಕ್ಕಿಂತ, ಇಂಥದ್ದು ಕಂಡರೆ ಎರಡು ದಿನದೊಳಗೆ ಬನ್ನಿ ಎಂದು ಗೊತ್ತಿರುವುದು ರೋಗಿಯ ಹಿಡಿತವನ್ನು ಹೆಚ್ಚಿಸುತ್ತದೆ. ಬೀಡಿ ಸಿಗರೇಟು ಬಿಡಿ ಎಂದು ಹೇಳಲು ಕಣ್ಣಿನ ಮಾತು ಇನ್ನೊಂದು ನೆಪವೂ ಆದೀತು. ಹೊಗೆ ಸೋರಿಯಾಸಿಸನ್ನು ಹೆಚ್ಚಿಸುತ್ತದೆ, ಯುವಿಯೈಟಿಸ್ ಜೊತೆಗೂ ಅದಕ್ಕೆ ನಂಟಿದೆ.

ಚರ್ಮ ಮತ್ತು ಕಣ್ಣನ್ನು ಬೇರೆ ಬೇರೆ ಕೋಣೆಯಲ್ಲಿ ಇಡಬಾರದೆಂಬುದಕ್ಕೆ ಹೊಸ ಔಷಧಗಳು ಇನ್ನೂ ಬಲವಾದ ಕಾರಣ ಒದಗಿಸಿವೆ. ಬೆಂಗಳೂರಿನ ಬಯೋಕಾನ್ ಕಂಪನಿ 2013ರಲ್ಲಿ ಸೋರಿಯಾಸಿಸ್‌ಗೆಂದೇ ಇಟೊಲಿಜುಮಾಬ್ ಎಂಬ ಜೈವಿಕ ಔಷಧವನ್ನು ಮಾರುಕಟ್ಟೆಗೆ ತಂದಿತು. ಮರುವರ್ಷ ಅಹಮದಾಬಾದಿನ ಜೈಡಸ್ ಕಂಪನಿ ಅಡಾಲಿಮುಮಾಬ್ ಎಂಬ ಇನ್ನೊಂದು ಜೈವಿಕ ಔಷಧದ ಅಗ್ಗದ ರೂಪವನ್ನು ತಂದಿತು. ಇಂಟರ್‌ಲ್ಯೂಕಿನ್-17ನ್ನು ತಡೆಯುವ ಸೆಕುಕಿನುಮಾಬ್ ಚರ್ಮವನ್ನು ಚೆನ್ನಾಗಿ ತಿಳಿಗೊಳಿಸುತ್ತದೆ. ಆದರೆ 2013ರಲ್ಲಿ ಪ್ರಕಟವಾದ ಮೂರು ಪ್ರಯೋಗಗಳಲ್ಲಿ ಯುವಿಯೈಟಿಸ್ ಮರುಕಳಿಸುವುದನ್ನು ಅದು ತಡೆಯಲಿಲ್ಲ. ಟಿಎನ್‌ಎಫ್ ತಡೆಯುವ ಅಡಾಲಿಮುಮಾಬ್ ಚರ್ಮಕ್ಕೂ ಆಗುತ್ತದೆ, 2016ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅದನ್ನು ಕೆಲವು ಬಗೆಯ ಯುವಿಯೈಟಿಸ್‌ಗೂ ಒಪ್ಪಿದರು. ಅದನ್ನು ಶುರುಮಾಡುವ ಮುನ್ನ ಕ್ಷಯದ ಪರೀಕ್ಷೆ ಕಡ್ಡಾಯ. ಹೀಗಿರುವಾಗ ರೋಗಿಯ ಕಣ್ಣಿನ ಚರಿತ್ರೆ ಗೊತ್ತಿಲ್ಲದೆ ಚರ್ಮದ ದುಬಾರಿ ಔಷಧ ಆರಿಸುವುದು ಕುರುಡು ಆಯ್ಕೆ. ಇದಕ್ಕೆ ಪ್ರತಿಯಾಗಿ, ಕಣ್ಣಿಗೆಂದು ಸ್ಟೀರಾಯ್ಡ್ ಮಾತ್ರೆ ಕೊಟ್ಟು ಥಟ್ಟನೆ ನಿಲ್ಲಿಸಿದರೆ ಮೈತುಂಬ ಕೀವುಗುಳ್ಳೆಯ ಸೋರಿಯಾಸಿಸ್ ಏಳಬಹುದು. ಇಬ್ಬರು ವೈದ್ಯರ ನಡುವೆ ಹೋಗಬೇಕಾದ ಒಂದು ಚೀಟಿಯ ಬೆಲೆ ಇಷ್ಟಿದೆ.

ಕೊನೆಗೆ, ನಮ್ಮ ನಾಲ್ಕು ಊರುಗಳಲ್ಲಿ ಇದು ಹೇಗೆ ನಡೆದೀತು? ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳು ಹಾಸನದಿಂದ ಮೂವತ್ತು ನಲವತ್ತು ಕಿಲೋಮೀಟರ್ ಆಸುಪಾಸಿನಲ್ಲಿವೆ. ಹೊಳೆನರಸೀಪುರಕ್ಕೂ ಚನ್ನರಾಯಪಟ್ಟಣಕ್ಕೂ ರೈಲಿದೆ, ಅರಕಲಗೂಡಿಗೆ ಬಸ್ಸೇ ಗತಿ. ಕೆಂಪು, ನೋವು, ಮಂಜು ಇದ್ದವರನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣಿನ ವೈದ್ಯರಿರುವ ದಿನ ಅಲ್ಲೇ, ಇಲ್ಲದ ದಿನ 2006ರಲ್ಲಿ ಆರಂಭವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ, ಅಂದರೆ ನಮ್ಮೆಲ್ಲರ ಬಾಯಲ್ಲಿರುವ ಹಿಮ್ಸ್‌ಗೆ, ತುರ್ತು ಎಂದು ಬರೆದು ಕಳಿಸಬೇಕು. ಕೀಲುನೋವು, ಬೆಳಗಿನ ಬೆನ್ನಿನ ಬಿಗಿತ, ಉಗುರಿನ ಮೇಲೆ ಸಣ್ಣ ಗುಳಿಗಳು ಇರುವವರಿಗೆ, ತೀವ್ರ ಸೋರಿಯಾಸಿಸ್ ಇರುವವರಿಗೆ, ಪೂವಾ ಅಥವಾ ದೀರ್ಘಕಾಲ ಸ್ಟೀರಾಯ್ಡ್ ಪಡೆಯುವವರಿಗೆ ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ. ಉಳಿದವರಿಗೆ ಪ್ರಶ್ನೆ ಸಾಕು. ರೆಪ್ಪೆಯ ಆರೈಕೆಯನ್ನು ನೇತ್ರಾಧಿಕಾರಿಗಳೇ ಹೇಳಿಕೊಡಬಲ್ಲರು. ವರ್ಷದ ಕೊನೆಗೆ ಮೂರು ಲೆಕ್ಕ ಹಾಕಬೇಕು: ಸೋರಿಯಾಸಿಸ್ ಚೀಟಿಗಳಲ್ಲಿ ಎಷ್ಟರಲ್ಲಿ ಕಣ್ಣಿನ ಪ್ರಶ್ನೆಯ ಸಾಲು ತುಂಬಿದೆ, ಎಷ್ಟು ಜನರನ್ನು ಕಳಿಸಲಾಯಿತು, ಕಳಿಸಿದವರಲ್ಲಿ ಎಷ್ಟು ಜನ ನಿಜಕ್ಕೂ ತಲುಪಿದರು. ಮೂರನೆಯ ಅಂಕಿ ಕಡಿಮೆಯಾದರೆ ತಪ್ಪು ರೋಗಿಯದೆನ್ನುವ ಮುನ್ನ ಬಸ್ಸಿನ ಹೊತ್ತು, ಕೂಲಿಯ ನಷ್ಟ, ಸಾಲಿನ ಉದ್ದವನ್ನು ನೋಡಬೇಕು. ಪ್ರಶ್ನೆ ಕೇಳಿಯೂ ವರ್ಷವೆಲ್ಲ ಒಬ್ಬರಲ್ಲೂ ತೊಂದರೆ ಕಾಣದಿದ್ದರೆ ನನ್ನ ವಾದವನ್ನು ಕೈಬಿಡುವ ಹಕ್ಕು ನಿಮಗಿದೆ. ಡೆನ್ಮಾರ್ಕಿನ ಅಂಕಿಯನ್ನು ಎರವಲು ತಂದು ಹಾಸನದ ಬಗ್ಗೆ ವಾದಿಸುವುದು ಇಂದಿಗೆ ಸರಿ. ಮುಂದಿನ ವಾದ ನಮ್ಮ ಚೀಟಿಗಳ ಲೆಕ್ಕದ ಮೇಲೆ ನಡೆಯಬೇಕು, ಆ ಲೆಕ್ಕ ಶುರುವಾಗಲು ಚೀಟಿಯಲ್ಲಿ ಒಂದು ಸಾಲು ಅಚ್ಚಾದರೆ ಸಾಕು.